ಹನ್ನೆರಡು ಸೂಜಿಗಳು

ನವೆಂಬರ್ 1, ಶನಿವಾರ

ಅಂಗಡಿಯ ಅಳತೆ ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಖಾಲಿ ಇವೆ. ಮೂವತ್ತನಾಲ್ಕು ವರ್ಷ ಊರಿನ ಮಕ್ಕಳ ಎದೆ, ಸೊಂಟ, ತೋಳು ಬರೆದುಕೊಂಡ ಪುಸ್ತಕಗಳಲ್ಲಿ ಇದು ಕೊನೆಯದು. ಇನ್ನು ಯಾರ ಅಳತೆಯನ್ನೂ ಬರೆಯುವುದಿಲ್ಲವಲ್ಲ, ನನ್ನದನ್ನೇ ಬರೆಯೋಣ ಎಂದು ಕೂತಿದ್ದೇನೆ. ಇದನ್ನು ಯಾರಿಗೂ ತೋರಿಸುವುದಿಲ್ಲ. ದಪ್ಪ ಪೆನ್ನು ಹಿಡಿದು ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಯುತ್ತಿದ್ದರೂ ಸಾಲು ಸಾಲಿನ ಮೇಲೆ ಹತ್ತುತ್ತದೆ.

ಮಗಳ ಮನೆ ಐದನೇ ಮಹಡಿಯಲ್ಲಿದೆ. ನಾನು ಬಂದು ಎರಡು ದಿನವಾಯಿತು. ಹೆಸರಿಗೆ ದೊಡ್ಡ ಊರು ನೋಡಲು ಬಂದವಳು, ಹದಿನಾಲ್ಕಕ್ಕೆ ವಾಪಸ್ ಟಿಕೆಟ್ ಇದೆ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಅಳಿಯ ಲಿಫ್ಟ್ ರಿಪೇರಿಯಲ್ಲಿ. ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಐದು ವರ್ಷದ ಮೊಮ್ಮಗಳನ್ನು ಶಾಲೆಯಿಂದ ಕರೆತಂದು ನೋಡಿಕೊಳ್ಳಲು ನಾನು ಇಲ್ಲೇ ಬಂದು ಇರಬೇಕೆಂದು ಮಗಳ ಆಸೆ. "ಹದಿನೈದು ದಿನ ಇದ್ದು ನೋಡಮ್ಮ. ಹೊಂದಿಕೊಂಡ್ರೆ ಪೂರ್ತಿ ಬಂದ್ಬಿಡು" ಎಂದಿದ್ದಾಳೆ. ನನಗೂ ಅದಕ್ಕಿಂತ ದೊಡ್ಡ ಆಸೆ ಯಾವುದೂ ಇಲ್ಲ.

ಆದರೆ ನನ್ನ ಕಣ್ಣು ಹೋಗುತ್ತಿದೆ. ಸದ್ಯ, ಇಲ್ಲಾದರೂ ಬರೆದೆ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ನಡುವೆ ಉಳಿದಿರುವುದೂ ಮಬ್ಬು. ಊರಿನ ಡಾಕ್ಟರು ಒಂದು ಚೀಟಿ ಬರೆದು, ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಆರು ತಿಂಗಳಾಯಿತು. ಆ ಚೀಟಿ ಗುಂಡಿ ಡಬ್ಬಿಯ ತಳದಲ್ಲಿದೆ. ಅಂಗಡಿ ಯಾಕೆ ಮುಚ್ಚಿದೆ ಎಂದು ಮಗಳು ಕೇಳಿದ್ದಕ್ಕೆ ಮಂಡಿ ನೋವು ಎಂದೆ. ಕಣ್ಣಿಲ್ಲದವಳ ಕೈಗೆ ಯಾರು ಮಗು ಕೊಡುತ್ತಾರೆ?

ಅದೇ ಡಬ್ಬಿಯಲ್ಲಿ ಹನ್ನೆರಡು ಸೂಜಿಗಳಿವೆ. ಹೊರಡುವ ಹಿಂದಿನ ದಿನ ಪಕ್ಕದ ಅಂಗಡಿಯ ಇಸ್ತ್ರಿಯವಳಿಂದ ಹನ್ನೆರಡಕ್ಕೂ ಉದ್ದುದ್ದ ದಾರ ಪೋಣಿಸಿಕೊಂಡು ಬಂದಿದ್ದೇನೆ. ಟೈಲರ್ ಅಜ್ಜಿ ಬಂದರೆ ಮೊಮ್ಮಗಳಿಗೆ ಫ್ರಾಕು ಹೊಲಿಯದೆ ಇರಲಾದೀತೇ?

ನವೆಂಬರ್ 2, ಭಾನುವಾರ

ಇಂದು ಎಲ್ಲರೂ ಝೂಗೆ ಹೋಗಿದ್ದೆವು. ಈ ಊರಿಗೆ ಬಂದವರು ಝೂ ನೋಡದೆ ಹೋಗುವುದಿಲ್ಲವಂತೆ. ಹತ್ತು ದಿನ ನಡೆಯುವ ಪಾಸು ಮಾಡಿಸಿದರು. ಊರೊಳಗೆ ಇನ್ನೊಂದು ಊರಿನಷ್ಟು ದೊಡ್ಡದು. ಒಳಗೇ ಓಡಾಡುವ ಪುಟ್ಟ ರೈಲು, ಎಲ್ಲ ಕಡೆ ಬಾಣದ ಗುರುತು, ಜನವೋ ಜನ. ಅಷ್ಟು ಜನ ನನಗೆ ಪಕ್ಕದಿಂದ ಕಾಣುವುದಿಲ್ಲ, ಇದ್ದಕ್ಕಿದ್ದಂತೆ ಮೂಗಿನ ಮುಂದೆ ಹುಟ್ಟುತ್ತಾರೆ. ಮೂವರಿಗೆ ಡಿಕ್ಕಿ ಹೊಡೆದೆ. ಒಂದು ಕಂಬಕ್ಕೂ ಸಾರಿ ಹೇಳಿದೆ.

ಮೊಮ್ಮಗಳು ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳು. ಅವಳಿಗೆ ಗುಂಡಿ ಎಂದು ಹೆಸರಿಟ್ಟವಳು ನಾನೇ. ಅವಳು ನನ್ನ ಕೈ ಎಳೆಯುತ್ತಾ, "ಅಜ್ಜಿ, ಜಿರಾಫೆ! ಅಜ್ಜಿ, ಆನೆ ಸ್ನಾನ!" ಎನ್ನುತ್ತಿದ್ದಳು. ಉಳಿದವರು ಯಾವ ಕಡೆ ಮುಖ ಮಾಡುತ್ತಾರೋ ನಾನೂ ಆ ಕಡೆ ಮಾಡಿ, ಅವರು ಅಬ್ಬಾ ಎಂದರೆ ನಾನೂ ಅಬ್ಬಾ ಎಂದೆ. ಜಿರಾಫೆಯ ಕತ್ತು ಮೂರು ತುಂಡಾಗಿ ಸಿಕ್ಕಿತು, ನಾಲ್ಕನೆಯದನ್ನು ಹುಡುಕುವಷ್ಟರಲ್ಲಿ ಅದು ನಡೆದುಬಿಟ್ಟಿತು.

ಹುಲಿಯ ಹತ್ತಿರ ಸಿಕ್ಕಿಬೀಳುತ್ತಿದ್ದೆ. ದೊಡ್ಡ ಗಾಜಿನ ಗೋಡೆ. ಆಚೆ ದೂರದಲ್ಲಿ ಕಂದು ಬಣ್ಣದ್ದೊಂದು ಮಲಗಿತ್ತು. "ಎಷ್ಟು ಗಂಭೀರವಾಗಿ ಮಲಗಿದೆ ನೋಡಿ ಹುಲಿ" ಎಂದೆ. ಸುತ್ತಲಿನವರೆಲ್ಲ ನಕ್ಕರು.

"ಅಮ್ಮ, ಅದು ಬಂಡೆ" ಎಂದಳು ಮಗಳು. "ಹುಲಿ ನಿನ್ನ ಪಕ್ಕದಲ್ಲೇ ಇದೆಯಲ್ಲ!"

ತಿರುಗಿದೆ. ನನ್ನ ಎಡಭುಜದ ಬಳಿ, ಒಂದು ಗೇಣು ದೂರದಲ್ಲಿ, ಗಾಜಿನ ಮೇಲೆ ಅದರ ಉಸಿರಿನ ಮಂಜು ಕಟ್ಟುತ್ತಿತ್ತು. ಆ ಮಂಜಿನ ಹಿಂದೆ ಒಂದು ಹಳದಿ ಕಣ್ಣು. ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಾ ನಿಂತಿತ್ತೋ.

"ತಮಾಷೆ ಮಾಡ್ದೆ" ಎಂದೆ. ಅಳಿಯ ಜೋರಾಗಿ ನಕ್ಕರು. ಮಗಳು ನಗಲಿಲ್ಲ.

ಹುಲಿಗೆ ನಾನು ಇಷ್ಟು ಹೆದರಿದ್ದಲ್ಲ. ನನ್ನ ಪಕ್ಕದಲ್ಲಿ ಏನು ಬಂದು ನಿಂತರೂ ಇನ್ನು ನನಗೆ ಗೊತ್ತಾಗುವುದಿಲ್ಲ ಎಂದು ಹೆದರಿದೆ.

ನವೆಂಬರ್ 4, ಮಂಗಳವಾರ

ಗುಂಡಿಯ ಹಳದಿ ಫ್ರಾಕು ಮುಗಿಯಿತು. ಕತ್ತರಿಸಿದ್ದನ್ನು ಊರಿನಿಂದಲೇ ತಂದಿದ್ದೆ. ಉದ್ದ ತೋಳು, ಮಣಿಕಟ್ಟಿಗೆ ಪಟ್ಟಿ. ಎಲ್ಲ ಕೈಹೊಲಿಗೆ, ಬೆರಳಿನ ಲೆಕ್ಕದಲ್ಲೇ ಹಾಕಿದ್ದು. ಪಟ್ಟಿಯ ಒಳಬದಿಯಲ್ಲಿ ದಾರ ಮುಗಿಸುವಾಗ ಎಂದಿನಂತೆ ಸಾಸಿವೆ ಕಾಳಿನಷ್ಟು ಗಂಟು ಬಿಟ್ಟೆ. ನಾನು ಹೊಲಿದ ಬಟ್ಟೆ ಎಂಬುದಕ್ಕೆ ಅದೇ ನನ್ನ ರುಜು.

ನಾಲ್ಕು ಸೂಜಿ ಖರ್ಚಾದವು. ಎಂಟು ಉಳಿದಿವೆ.

ಮಗಳು ನೋಡಿ, "ಅಬ್ಬಾ, ಮಿಷಿನ್ ಕೂಡ ಹೀಗೆ ಹಾಕಲ್ಲಮ್ಮ" ಎಂದಳು. ಎಷ್ಟು ಸಂತೋಷವಾಯಿತೋ ಅಷ್ಟೇ ಭಯವೂ ಆಯಿತು. ಕೂಡಲೇ ಅಳಿಯನ ಎರಡು ಪ್ಯಾಂಟು ತಂದು ಅಂಚು ಬಿಚ್ಚಿಹೋಗಿದೆ ಎಂದು ಇಟ್ಟುಬಿಟ್ಟಳು.

ನವೆಂಬರ್ 5, ಬುಧವಾರ

ಶುಕ್ರವಾರ ಗುಂಡಿಯ ಶಾಲೆಗೆ ಬಣ್ಣ ಬಳಿಯುತ್ತಾರಂತೆ, ರಜ. "ನೀನೇ ಅವಳ್ನ ಝೂಗೆ ಕರ್ಕೊಂಡು ಹೋಗಮ್ಮ. ಗೇಟ್ ಮುಂದೇನೇ ಬಸ್ ನಿಲ್ಲುತ್ತೆ. ಇಬ್ಬರೇ ಓಡಾಡಿ ಅಭ್ಯಾಸ ಆಗ್ಲಿ" ಎಂದಳು ಮಗಳು.

ಇದು ಪರೀಕ್ಷೆ. ಅವಳು ಹಾಗೆ ಅಂದುಕೊಂಡಿಲ್ಲ, ಆದರೂ ಇದು ಪರೀಕ್ಷೆಯೇ. "ಅದಕ್ಕೇನು" ಎಂದೆ.

ಝೂ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಮಧ್ಯಾಹ್ನವೆಲ್ಲ ದಾರಿ ಬಾಯಿಪಾಠ ಮಾಡಿದೆ. ಗೇಟಿನಿಂದ ಬಲಕ್ಕೆ ಆನೆ. ಆನೆಯಿಂದ ನೇರ ಹಕ್ಕಿ ಮನೆ. ಮೆಟ್ಟಿಲು ಇರುವ ಕಡೆ ಬೇಡ. ರಾತ್ರಿ ಪ್ರಾಣಿಗಳ ಮನೆ ಬೇಡವೇ ಬೇಡ, ಅಲ್ಲಿ ಹಗಲಲ್ಲೇ ಕತ್ತಲು ಮಾಡಿ ಇಟ್ಟಿರುತ್ತಾರೆ. ಫ್ರಾಕಿನ ಅಚ್ಚು ತೆಗೆದಂತೆ ಇಡೀ ದಿನಕ್ಕೆ ಅಚ್ಚು ತೆಗೆದಿದ್ದೇನೆ. ಒಂದಿಂಚೂ ಆಚೀಚೆ ಹೋಗುವಂತಿಲ್ಲ.

ನವೆಂಬರ್ 7, ಶುಕ್ರವಾರ

ಇಂದಿನದನ್ನು ಈಗಲೇ ಬರೆಯುತ್ತೇನೆ. ಮಗಳು ಬರಲು ಇನ್ನೂ ಎರಡು ಗಂಟೆ ಇದೆ. ಗುಂಡಿ ಒಳಗೆ ಮಲಗಿದ್ದಾಳೆ. ಎರಡು ಸಲ ಹೋಗಿ ಮುಟ್ಟಿ ನೋಡಿ ಬಂದೆ.

ಆನೆ, ಹಕ್ಕಿ ಎಲ್ಲ ಚೆನ್ನಾಗಿಯೇ ಆದವು. ಅವಳು ಹಳದಿ ಫ್ರಾಕು ಹಾಕಿದ್ದಳು. ಹೋದಲ್ಲೆಲ್ಲ ಅವಳ ಮಣಿಕಟ್ಟು ಹಿಡಿದೇ ಇದ್ದೆ, ಹೆಬ್ಬೆರಳು ಆ ಗಂಟಿನ ಮೇಲೆ. ಹನ್ನೊಂದೂವರೆಗೆ ಅವಳು ಹಟ ಹಿಡಿದಳು.

"ಕಾಡುಪಾಪ ನೋಡ್ಬೇಕು. ದೊಡ್ಡ ಕಣ್ಣು ಇರುತ್ತಂತೆ ಅದಕ್ಕೆ."

"ಕತ್ತಲೆ ಕಣೇ ಅಲ್ಲಿ."

"ನೀನು ಇದ್ದೀಯಲ್ಲ."

ಹೋದೆ.

ಒಳಗೆ ಬಾಗಿಲ ಪರದೆ ಬಿದ್ದದ್ದೇ ತಡ, ನನ್ನ ಪಾಲಿಗೆ ಜಗತ್ತೇ ಮುಗಿಯಿತು. ಉಳಿದವರಿಗೆ ಕೆಂಪು ದೀಪದ ಮಂದ ಬೆಳಕಾದರೂ ಇತ್ತಂತೆ. ನನಗೆ ಅದೂ ಇಲ್ಲ. ಎಡಗೈಯಲ್ಲಿ ಗೋಡೆಯ ಕಂಬಿ, ಬಲಗೈಯಲ್ಲಿ ಗುಂಡಿ. ಒಂದೊಂದೇ ಹೆಜ್ಜೆ. ಹಿಂದಿನಿಂದ ಪುಟ್ಟ ಮಕ್ಕಳ ಗುಂಪೊಂದು ಗಿಜಿಗಿಜಿ ಎನ್ನುತ್ತಾ ಬಂತು, ಯಾವುದೋ ಶಾಲೆಯದು. ನಮ್ಮನ್ನು ಒತ್ತರಿಸಿಕೊಂಡು ಮುಂದೆ ಹೋಗತೊಡಗಿತು. ಅಷ್ಟರಲ್ಲಿ ನನ್ನ ಹೆಗಲ ಚೀಲ ಜಾರಿತು. ಅದನ್ನು ಮೇಲೆಳೆದುಕೊಳ್ಳಲು ಬಲಗೈ ಬಿಟ್ಟೆ. ಒಂದು ಉಸಿರು ಬಿಡುವಷ್ಟು ಹೊತ್ತು, ಅಷ್ಟೇ. ಮತ್ತೆ ಕೈ ಚಾಚಿದೆ, ಪುಟ್ಟ ಕೈ ಸಿಕ್ಕಿತು. ಅದೂ ನನ್ನನ್ನು ಗಟ್ಟಿಯಾಗಿ ಹಿಡಿಯಿತು. ನಡೆದೆ.

"ಕಾಡುಪಾಪ ಕಾಣ್ತಾ?" ಎಂದೆ. ಉತ್ತರವಿಲ್ಲ. ಹೆದರಿದ್ದಾಳೆ ಎಂದುಕೊಂಡೆ. ಹೆಬ್ಬೆರಳು ತಾನಾಗಿ ಮಣಿಕಟ್ಟಿನ ಒಳಗೆ ಹೋಯಿತು.

ಗಂಟು ಇರಲಿಲ್ಲ. ಪಟ್ಟಿಯೂ ಇರಲಿಲ್ಲ. ಎಲಾಸ್ಟಿಕ್ಕು, ಮಿಷಿನ್ ಹೊಲಿಗೆ, ಒಂದು ಕಡೆ ದಾರ ಬಿಟ್ಟುಕೊಂಡಿದೆ.

ಕೂತು ಆ ಮುಖ ಸವರಿದೆ. ಎರಡು ಜಡೆ. ಗುಂಡಿಗೆ ಜಡೆಯೇ ಇಲ್ಲ.

"ಯಾರಮ್ಮ ನೀನು?"

ಆ ಮಗು ಅಳಲು ಶುರು ಮಾಡಿತು. "ನನ್ನ ಬಳೆ ಬಿಟ್ಹೋಯ್ತು" ಎಂದಿತು. ಯಾವ ಬಳೆ, ಏನು, ನನಗೆ ಏನೂ ತಿಳಿಯಲಿಲ್ಲ. ಗುಂಡೀ ಎಂದು ಕೂಗಿದೆ. ಗಾಜಿನ ಹಿಂದೆ ಯಾವುದೋ ಪ್ರಾಣಿ ಧಡಬಡ ಓಡಿತು. ಯಾರೋ ಶ್‌ ಎಂದರು. ಮತ್ತೆ ಕೂಗಿದೆ. ಕಂಬಿ ಬಿಟ್ಟು ನಡುವೆ ಬಂದುಬಿಟ್ಟಿದ್ದೆ, ಯಾವ ಕಡೆ ಬಾಗಿಲು ಎಂಬುದೂ ಗೊತ್ತಿಲ್ಲ. ಹೊರಗೆ ಆನೆಯ ಕೊಳ ಇದೆ, ರೈಲು ಹಳಿ ಇದೆ, ರಸ್ತೆ ಇದೆ. ಆರು ತಿಂಗಳಿಂದ ಗಂಟಲಲ್ಲಿ ಕಟ್ಟಿಹಾಕಿದ್ದ ಮಾತು ಆಗ ತಾನಾಗಿ ಹೊರಬಂತು.

"ನಂಗೆ ಕಣ್ಣು ಕಾಣಲ್ಲ! ಯಾರಾದ್ರೂ ಬನ್ನಿ! ನನ್ನ ಮೊಮ್ಮಗಳು ಕಾಣ್ತಿಲ್ಲ!"

ಕಾವಲಿನವನು ಬಂದ. ನನ್ನ ಭುಜ ಹಿಡಿದು ನಿಲ್ಲಿಸಿದ. "ಗಾಬರಿ ಆಗ್ಬೇಡಿ ಅಮ್ಮ. ಮಗು ಹೇಗಿದೆ ಹೇಳಿ."

"ಎದೆ ಇಪ್ಪತ್ತೆರಡು. ತೋಳು ಹದಿನಾಲ್ಕೂವರೆ. ಭುಜ ಒಂಬತ್ತು" ಎಂದೆ. ಮೂವತ್ತನಾಲ್ಕು ವರ್ಷ ಮಗು ಹೇಗಿದೆ ಎಂದರೆ ಇದನ್ನೇ ಹೇಳಿದವಳು ನಾನು.

"ಅಮ್ಮ, ಬಣ್ಣ ಹೇಳಿ, ಬಣ್ಣ."

"ಹಳದಿ. ಹಳದಿ ಫ್ರಾಕು."

ಅವನು ವಾಕಿಟಾಕಿಯಲ್ಲಿ ಹೇಳುತ್ತಾ ನಮ್ಮಿಬ್ಬರನ್ನೂ ಹೊರಗೆ ಕರೆತಂದ. ಬೆಳಕಿಗೆ ಬಂದರೂ ನನಗೆ ಬಿಳಿಯ ಮೋಡವೇ. ಆ ಇನ್ನೊಂದು ಮಗು ನನ್ನ ಕೈ ಬಿಟ್ಟಿರಲಿಲ್ಲ. ಪಾಪ, ಕಳೆದುಹೋದವಳು ಕಳೆದುಕೊಂಡವಳನ್ನು ಹಿಡಿದು ನಿಂತಿದ್ದಳು.

ಎಷ್ಟು ಹೊತ್ತಾಯಿತೋ. ವಾಕಿಟಾಕಿ ಕೊರಕೊರ ಎಂದಿತು. ಆನೆಯ ಹತ್ತಿರ ಸಿಕ್ಕಿದ್ದಾಳೆ ಎಂದ. ಮೊದಲಿಗೆ ಬದುಕಿದ್ದಾಳಾ ಎಂದು ಕೇಳಿದೆ. "ಅಯ್ಯೋ, ಆರಾಮಾಗಿದ್ದಾಳೆ ಬನ್ನಿ" ಎಂದ.

ಆಗಿದ್ದು ಇಷ್ಟು. ಆ ಶಾಲೆಯವರು ಮಕ್ಕಳನ್ನು ಒಂದು ಉದ್ದನೆಯ ಹಗ್ಗ ಹಿಡಿಸಿ ನಡೆಸುತ್ತಾರೆ. ಹಗ್ಗಕ್ಕೆ ಇಪ್ಪತ್ತು ಬಟ್ಟೆಯ ಬಳೆ, ಒಂದೊಂದಕ್ಕೆ ಒಂದೊಂದು ಮಗು. ಕತ್ತಲಲ್ಲಿ ಈ ಮಗುವಿನ ಕೈಯಿಂದ ಬಳೆ ಜಾರಿದೆ, ಅದಕ್ಕೆ ನನ್ನ ಕೈ ಸಿಕ್ಕಿದೆ. ನನ್ನ ಕೈ ತಪ್ಪಿದ ಗುಂಡಿಗೆ ಬಳೆ ಸಿಕ್ಕಿದೆ. ಹೊರಗೆ ಬಂದ ಮೇಲೆ ಟೀಚರು ಬಳೆಗಳನ್ನು ಎಣಿಸಿದ್ದಾರೆ.

"ಇಪ್ಪತ್ತು ಬಳೆ, ಇಪ್ಪತ್ತು ಕೈ. ಒಂದೂ ಖಾಲಿ ಇರ್ಲಿಲ್ಲ ಅಮ್ಮ, ಸರಿಯಾಗೇ ಇತ್ತು" ಎಂದು ಆ ಟೀಚರು ಅಳುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು.

ಗುಂಡಿ ಆ ಬಳೆಯನ್ನು ಇನ್ನೂ ಹಿಡಿದೇ ಇದ್ದಳು. "ಅಜ್ಜಿ, ನಾನು ಬಿಡ್ಲೇ ಇಲ್ಲ" ಎಂದಳು. ಅವಳ ಮಣಿಕಟ್ಟು ಹಿಡಿದು ಗಂಟು ಮುಟ್ಟಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇಷ್ಟಾದ ಮೇಲೆ ನಾನು ಏನು ಮಾಡಿದೆ ಎಂಬುದನ್ನೂ ಬರೆಯಬೇಕು. ಬಸ್ಸಿನಲ್ಲಿ ಅವಳ ಕಿವಿಯಲ್ಲಿ, "ಇದನ್ನೆಲ್ಲ ಅಮ್ಮಂಗೆ ಹೇಳ್ಬೇಡ, ಆಯ್ತಾ?" ಎಂದೆ.

"ಆಯ್ತು" ಎಂದಳು.

ನವೆಂಬರ್ 8, ಶನಿವಾರ

ಗುಂಡಿ ಹೇಳಿಲ್ಲ. ನಾನೂ ಹೇಳಿಲ್ಲ. ಪ್ಯಾಂಟಿನ ಅಂಚು ಹೊಲಿದೆ. ಸೂಜಿ ಮೂರು ಉಳಿದಿವೆ.

ನವೆಂಬರ್ 9, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಅಳಿಯ ಗಂಟಲು ಸರಿಮಾಡಿಕೊಂಡರು. ಅವರು ಮಾತಾಡುವುದೇ ಅಪರೂಪ.

"ಅತ್ತೆ, ಇನ್ಯಾಕೆ ಯೋಚನೆ? ಡಿಸೆಂಬರಿಂದಲೇ ಬಂದ್ಬಿಡಿ. ನೀವು ಇದ್ರೆ ನಮಗೂ ಧೈರ್ಯ."

ಕೇಳಬೇಕೆಂದು ಕಾದಿದ್ದ ಮಾತು. ನೀರಿಗೆ ಕೈ ಚಾಚಿದೆ. ಲೋಟ ಎಲ್ಲಿದೆಯೋ ತಿಳಿಯುವ ಮೊದಲೇ ಅದು ಬಂದು ನನ್ನ ಬೆರಳಿಗೆ ತಾಗಿತು. ಗುಂಡಿ ತಳ್ಳಿದ್ದಳು.

"ಅಜ್ಜಿಗೆ ಎಲ್ಲಾ ಚೆನ್ನಾಗಿ ಕಾಣುತ್ತೆ" ಎಂದಳು ಗುಂಡಿ.

ಯಾರೂ ಕೇಳಿರಲಿಲ್ಲ. ಮಗಳು ತಟ್ಟನೆ ತಲೆ ಎತ್ತಿದ್ದು ತಿಳಿಯಿತು, ಅವಳ ಬಳೆ ಸದ್ದು ನಿಂತಿತು. "ಅದ್ಯಾಕೆ ಹಾಗಂದೆ?"

"ಸುಮ್ನೆ" ಎಂದಳು.

ಆಮೇಲೆ ಯೋಚಿಸಿದೆ. ಎರಡು ದಿನದಿಂದ ನನ್ನ ದಾರಿಗೆ ಒಂದು ಚಪ್ಪಲಿಯೂ ಅಡ್ಡ ಸಿಕ್ಕಿಲ್ಲ. ಬಾಗಿಲು ಅರ್ಧ ತೆರೆದು ನಿಂತಿಲ್ಲ. ಆಟದ ಸಾಮಾನು ಕಾಲಿಗೆ ತೊಡರಿಲ್ಲ. ಐದು ವರ್ಷದ ಕೂಸು ನನ್ನನ್ನು ಕಾಯುತ್ತಿದೆ. ನೋಡಿಕೊಳ್ಳಲು ಬಂದವಳು ನಾನು.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಅವಳ ಶೂ ಲೇಸು ಕಟ್ಟುತ್ತಿದ್ದೆ. ಮೇಲಿನಿಂದ ಸಣ್ಣ ದನಿ ಕೇಳಿಸಿತು.

"ಅಜ್ಜಿ, ಕೈ ಬಿಟ್ಟಿದ್ದು ನಾನಾ, ನೀನಾ?"

"ಯಾಕೆ ಪುಟ್ಟ?"

"ನಾನೇ ಬಿಟ್ಟಿದ್ರೆ ನೀನು ಊರಿಗೆ ಹೋಗ್ಬಿಡ್ತೀಯಾ?"

ನನ್ನ ಎದೆಯಲ್ಲಿದ್ದ ಭಯ ಈ ಮೂರು ದಿನ ಎಲ್ಲಿಗೆ ಹೋಗಿತ್ತು ಎಂಬುದು ಆಗ ತಿಳಿಯಿತು. ನಾನೇ ಅದನ್ನು ಈ ಮಗುವಿನ ಕೈಗೆ ಕೊಟ್ಟು, ಹಿಡಿದುಕೋ ಎಂದು ಬಸ್ಸಿನಲ್ಲಿ ಕೂರಿಸಿ ಕರೆತಂದಿದ್ದೆ. ಅವಳು ಬಿಟ್ಟಿರಲಿಲ್ಲ.

"ನಾನೇ ಬಿಟ್ಟಿದ್ದು ಕಂದ. ನಾನೇ. ನಿಂದೇನೂ ತಪ್ಪಿಲ್ಲ" ಎಂದೆ. ಎದ್ದು ಹೋಗಿ ಗುಂಡಿ ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದೆ. ಗುಂಡಿಗಳು ಉರುಳಿ ನೆಲಕ್ಕೆಲ್ಲ ಚೆಲ್ಲಿದವು. ಬುತ್ತಿ ಕಟ್ಟುತ್ತಿದ್ದ ಮಗಳು ಏನಮ್ಮ ಇದು ಎಂದಳು. ಚೀಟಿ ಕೊಟ್ಟೆ. ಅವಳು ಓದುತ್ತಿರುವಾಗಲೇ ಶುಕ್ರವಾರದ್ದನ್ನೂ ಹೇಳಿದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ಚೀಟಿಯನ್ನು ಮಡಚಿಟ್ಟಳು.

"ಶುಕ್ರವಾರ. ಇವತ್ತು ಸೋಮವಾರ."

"ಹೌದು."

"ನನ್ನ ಮಗು ಕಳೆದುಹೋಗಿತ್ತು. ಮೂರು ದಿನ ನನ್ನ ಎದುರಿಗೇ ಕೂತು ಊಟ ಮಾಡ್ದೆ ನೀನು."

"ಹೌದು."

"ಮಗು ಕೈಲಿ ಸುಳ್ಳು ಬೇರೆ ಹೇಳಿಸ್ದೆ."

ಅವಳು ಬುತ್ತಿಯನ್ನು ಅಲ್ಲೇ ಬಿಟ್ಟು, ಗುಂಡಿಯನ್ನು ಎತ್ತಿಕೊಂಡು ಹೋದಳು. ಬಾಗಿಲು ಹಾಕಿದ ಸದ್ದು ಇನ್ನೂ ಕಿವಿಯಲ್ಲಿದೆ. ನೆಲದ ಮೇಲೆ ತೆವಳಿ ಗುಂಡಿಗಳನ್ನು ಹೆಕ್ಕುತ್ತಾ ಕೂತೆ.

ಮೂರು ಗಂಟೆಗೆ ಫೋನು ಬಂತು. "ಬುಧವಾರ ಹತ್ತು ಗಂಟೆಗೆ ಕಣ್ಣಾಸ್ಪತ್ರೆ. ನಾನು ರಜ ಹಾಕಿದ್ದೀನಿ. ಇನ್ಮೇಲೆ ಗುಂಡೀನ ನೀನು ಒಬ್ಬಳೇ ಹೊರಗೆ ಕರ್ಕೊಂಡು ಹೋಗ್ಬೇಡ." ಇಷ್ಟು ಹೇಳಿ ಇಟ್ಟಳು.

ನಾನು ಹೆದರಿದ್ದು ಇದಕ್ಕೇ. ಇದೇ ಆಯಿತು. ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು, ಬಿಟ್ಟುಹೋದ ಬುತ್ತಿಯನ್ನೇ ತಿಂದೆ.

ನವೆಂಬರ್ 11, ಮಂಗಳವಾರ

ಮಗಳು ಮಾತಾಡುವುದಿಲ್ಲ. ಗುಂಡಿಗೆಂದು ಊರಿನಿಂದ ಕತ್ತರಿಸಿ ತಂದಿದ್ದ ಇನ್ನೊಂದು ಫ್ರಾಕಿನ ತೋಳು ಮುಗಿಸಿದೆ. ಕೊನೆಯ ಸೂಜಿಯೂ ಆಯಿತು.

ನವೆಂಬರ್ 12, ಬುಧವಾರ

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕೂರಿಸಿದರು. ಒಂದು ಬಟ್ಟಲಿನಂಥ ಯಂತ್ರಕ್ಕೆ ಮುಖ ಕೊಟ್ಟು, ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ಒತ್ತುವ ಕೆಲಸವೇ ಇರಲಿಲ್ಲ. ಚುಕ್ಕಿಗಳು ಬರುತ್ತಲೇ ಇದ್ದವು, ನನಗೆ ಕಾಣುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹೋದದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ದಿನಕ್ಕೆ ಎರಡು ಸಲ ತಪ್ಪದೆ ಹನಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದಂತೆ. ಬಹುದು, ಅಷ್ಟೇ. "ಆರು ತಿಂಗಳು ಏನು ಮಾಡ್ತಿದ್ರಿ?" ಎಂದು ಕೇಳಿದರು. ಹೆದರುತ್ತಿದ್ದೆ ಎಂದೆ. ಅವರು ಬೈಯಲಿಲ್ಲ.

ಕಣ್ಣಿಗೆ ಏನೋ ಹಾಕಿದ್ದರಿಂದ ಹೊರಗೆ ಬಂದಾಗ ಎಲ್ಲ ಬೆಳ್ಳಗೆ ಕದಡಿಹೋಗಿತ್ತು. ಆಸ್ಪತ್ರೆಯ ಓಣಿಯ ತುಂಬ ಜನ. ಮಗಳು ಔಷಧಿ ತರಲು ಹೋಗಿದ್ದಳು. ನಾನು ಗೋಡೆಗೆ ಆತು ನಿಂತಿದ್ದೆ. ಯಾರೋ ಬಂದು ಕೈ ಹಿಡಿದರು, ನಡೆಸಿಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋದೆ. ಹೆಬ್ಬೆರಳು ಆ ತೋಳಿನ ಒಳಗೆ ಹೋಯಿತು. ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಕೋಟು. ಗಂಟಿಲ್ಲ.

ಮತ್ತೆ ಅದೇ ಕತ್ತಲು, ಅದೇ ಎಲಾಸ್ಟಿಕ್ಕು. "ಯಾರು? ಯಾರು ನೀವು?" ಎಂದು ಚೀರಿದೆ. ಕೈ ಕಿತ್ತುಕೊಂಡೆ.

"ನಾನೇ ಅಮ್ಮ" ಎಂದಳು ಮಗಳು.

ಅವಳಿಗೆ ಸಿಟ್ಟಿತ್ತು, ಮಾತಾಡದೆ ಕೈ ಹಿಡಿದಿದ್ದಳು. ನಾನು ಇಷ್ಟು ಹೆದರಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅಲ್ಲೇ ನಿಂತು ನನ್ನ ಎರಡೂ ಕೈಗಳನ್ನು ತನ್ನ ಮುಖಕ್ಕೆ ತಂದಿಟ್ಟುಕೊಂಡಳು. ಕೆನ್ನೆ ಒದ್ದೆಯಾಗಿತ್ತು. ಬಸ್ಸಿನಲ್ಲಿ ಇಳಿಯುವವರೆಗೂ ಅವಳ ತೋಳು ಹಿಡಿದೇ ಕೂತಿದ್ದೆ.

ಮನೆಗೆ ಬಂದವಳು ಕೋಟು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. "ಇದಕ್ಕೂ ಒಂದು ಗಂಟು ಹಾಕು."

ಡಬ್ಬಿ ತೆಗೆದೆ. ದಾರವಿಲ್ಲದ ಹನ್ನೆರಡು ಸೂಜಿಗಳು. ಅದನ್ನೂ ಹೇಳಿದೆ, ಇಸ್ತ್ರಿಯವಳು ಪೋಣಿಸಿ ಕಳಿಸಿದ್ದನ್ನು. ಆಮೇಲೆ, "ದಾರ ಪೋಣಿಸಿಕೊಡು" ಎಂದೆ. ಅವಳಿಗೆ ಹೊಲಿಗೆ ಕಲಿಸಿದವಳು ನಾನು. ಅವಳನ್ನು ಈ ಮಾತು ಎಂದೂ ಕೇಳಿರಲಿಲ್ಲ.

ಪೋಣಿಸಿಕೊಟ್ಟಳು. ಗಂಟು ಹಾಕಿದೆ. ಅವಳು ಇನ್ನೊಂದು ಸೂಜಿ ತೆಗೆದುಕೊಂಡಳು. ಮತ್ತೊಂದು.

"ಒಂದು ಸಾಕು ಕಣೇ. ನಾಡಿದ್ದು ನನ್ನ ಟಿಕೆಟ್ ಇದೆ."

"ಗೊತ್ತು" ಎಂದಳು. ನಿಲ್ಲಿಸಲಿಲ್ಲ. ದಾರದ ತುದಿಯನ್ನು ತುಟಿಗೆ ಒತ್ತಿಕೊಳ್ಳುವ ಸದ್ದು, ಮತ್ತೆ ಸುಮ್ಮನೆ, ಮತ್ತೆ ಆ ಸದ್ದು. ಹನ್ನೆರಡೂ ಮುಗಿಸಿ ಡಬ್ಬಿಯ ಮುಚ್ಚಳ ಹಾಕಿದಳು.

"ದಿನಾ ಲ್ಯಾಬಿಗೆ ಹೋಗೋ ಮುಂಚೆ ಪೋಣಿಸಿಟ್ಟು ಹೋಗ್ತೀನಿ. ಹನಿ ಹಾಕಿದ ಮೇಲೆ."